ಚಳಿಗಾಲದ ಕಾಲು, ವಸಂತದ ಬೆಟ್ಟ

(ಕೂಟದ ಯುಗಾದಿ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಹೋಳಿಗೆಯ ಊಟ ಮುಗಿಸಿ ಕುಳಿತಿರುವ ಸಭೆಯ ಮುಂದೆ ಬೆಟ್ಟ ಹತ್ತುವ ವಿಚಾರವೆತ್ತುವುದು ಜಾಣತನವಲ್ಲವೆಂಬುದನ್ನು ಬಲ್ಲೆವು. ಆದರೆ ವಸಂತವನ್ನು ಕುರಿತು ಮಾತನಾಡಬೇಕೆಂದು ಸಮಿತಿಯವರು ಆಹ್ವಾನಿಸಿದಾಗ ನಮಗೆ ಹೇಳಬೇಕೆನಿಸಿದ್ದು ಇದೊಂದೇ ವಿಷಯ. ಇಲ್ಲಿ ‘ನಾವು’ ಎಂದರೆ ಬಾಸ್ಟನ್ನಿನ ಪಶ್ಚಿಮಕ್ಕಿರುವ ಊರುಗಳಲ್ಲಿ ನೆಲೆಸಿದ ನಾಲ್ಕು ಕುಟುಂಬಗಳು. ಮಾತನಾಡುತ್ತಿರುವ ಬಾಯಿ ಒಂದೇ ಆದರೂ ಈ ಮಾತುಗಳನ್ನು ನಾಲ್ಕು ಮನೆಯವರೂ ಕೂಡಿ ಕುಳಿತು ಸಿದ್ಧಪಡಿಸಿದ್ದೇವೆ. ಏಕೆಂದರೆ ಮುಂದೆ ಹೇಳಲಿರುವ ತಪ್ಪಿನಲ್ಲಿ ನಾಲ್ಕು ಮನೆಯವರಿಗೂ ಪಾಲುಂಟು.

ಪಂಚಾಂಗದ ಪ್ರಕಾರ ವಸಂತ ಋತು ಕಾಲಿಟ್ಟಾಗಿದೆ. ಆದರೆ ಈ ಸಭಾಂಗಣದ ಹೊರಗೆ, ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ, ಮಸಿ ಬಳಿದಂತೆ ಕಪ್ಪಾದ ಹಿಮದ ಗುಡ್ಡೆಯೊಂದು ಇನ್ನೂ ಬಿದ್ದಿರುವುದನ್ನು ತಾವೆಲ್ಲ ನೋಡಿಯೇ ಒಳಗೆ ಬಂದಿದ್ದೀರಿ. ನವೆಂಬರ್ ತಿಂಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ದಿನದಿಂದ ಮಾರ್ಚ್ ಮುಗಿಯುವವರೆಗೆ ನಮ್ಮ ಬದುಕು ಹೇಗಿರುತ್ತದೆ? ಡಿಸೆಂಬರಿನ ಮೊದಲ ವಾರಗಳಲ್ಲಿ ಇಲ್ಲಿ ಸಂಜೆ ನಾಲ್ಕೂಕಾಲಕ್ಕೇ ಸೂರ್ಯ ಮುಳುಗುತ್ತಾನೆ. ಗ್ಯಾರೇಜಿನಿಂದ ಕಾರಿಗೆ, ಕಾರಿನಿಂದ ಕಚೇರಿಗೆ, ಮತ್ತೆ ಕಾರಿಗೆ, ಮತ್ತೆ ಸೋಫಾಕ್ಕೆ. 2020ರ ಮಹಾಮಾರಿಯ ನಂತರ ಹಲವರ ಕಚೇರಿ ಮನೆಯೊಳಗೇ ಬಂದು ಕುಳಿತಿರುವುದರಿಂದ ಆ ನಾಲ್ಕು ಹೆಜ್ಜೆಗಳೂ ಉಳಿದಿಲ್ಲ. ಮಕ್ಕಳನ್ನು ನೋಡಲು ಊರಿನಿಂದ ಬಂದ ತಂದೆತಾಯಿಯರಂತೂ ಕಿಟಕಿಯ ಬಳಿ ಕುಳಿತು ಹಿಮ ಎಣಿಸುತ್ತಾರೆ. ಹೀಗಿರುವಾಗ ಏಪ್ರಿಲ್ ತಿಂಗಳ ಒಂದು ಶನಿವಾರ ಆಕಾಶ ನೀಲಿಯಾಗಿ ಬಿಸಿಲು ಬಿದ್ದೊಡನೆ ನಮಗೆ ಹಗ್ಗ ಬಿಚ್ಚಿದ ಕರುವಿನ ಹುರುಪು ಬರುತ್ತದೆ. ಅಪಾಯವಿರುವುದು ಆ ಹುರುಪಿನಲ್ಲಿಯೇ.

ಕೆಲವು ವರ್ಷಗಳ ಹಿಂದೆ ಅಂಥದೊಂದು ಶನಿವಾರ ನಾವು ಹದಿಮೂರು ಮಂದಿ ಮೂರು ಕಾರುಗಳಲ್ಲಿ ನ್ಯೂ ಹ್ಯಾಂಪ್‌ಷೈರಿನ ಮೊನಾಡ್‌ನಾಕ್ ಬೆಟ್ಟಕ್ಕೆ ಹೊರಟೆವು. ತಮ್ಮಲ್ಲಿ ಅನೇಕರು ಅದನ್ನು ನೋಡಿರಬಹುದು. ಸುತ್ತಲಿನ ತಗ್ಗು ನೆಲದ ನಡುವೆ ಒಂಟಿಯಾಗಿ ಎದ್ದು ನಿಂತಿರುವ, 3,165 ಅಡಿ ಎತ್ತರದ ಬೆಟ್ಟ. ಸವೆದು ಸಮತಟ್ಟಾದ ಬಯಲಿನಲ್ಲಿ ಸವೆಯದೆ ಉಳಿದ ಯಾವುದೇ ಒಂಟಿ ಬೆಟ್ಟಕ್ಕೆ ಭೂವಿಜ್ಞಾನಿಗಳು ‘ಮೊನಾಡ್‌ನಾಕ್’ ಎಂದೇ ಹೆಸರಿಟ್ಟಿದ್ದಾರೆ. ಆ ಪದವನ್ನು ಶಾಸ್ತ್ರಕ್ಕೆ ತಂದವರು ಹಾರ್ವರ್ಡಿನ ವಿಲಿಯಂ ಮಾರಿಸ್ ಡೇವಿಸ್. ಹೆನ್ರಿ ಡೇವಿಡ್ ಥೋರೊ 1844ರಿಂದ 1860ರವರೆಗೆ ಹಲವು ಬಾರಿ ಈ ಬೆಟ್ಟಕ್ಕೆ ಬಂದು ತಂಗಿದ್ದರು. ನೆತ್ತಿಯ ಮೇಲೆ ಮರಗಳಿಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ತೋಳಗಳನ್ನು ಓಡಿಸಲು ಅಲ್ಲಿನ ರೈತರು ಹಚ್ಚಿದ ಬೆಂಕಿಯಲ್ಲಿ ಮರಗಳು ಸುಟ್ಟು, ಮಣ್ಣು ಮಳೆಗೆ ಕೊಚ್ಚಿಹೋಗಿ ಬರಿಯ ಬಂಡೆ ಉಳಿಯಿತೆಂದು ಸ್ಥಳೀಯರು ಹೇಳುತ್ತಾರೆ.

ಜಾಫ್ರಿ ಊರಿನ ಬಳಿಯ ಉದ್ಯಾನದ ಮುಖ್ಯ ದ್ವಾರದಿಂದ ಹೊರಡುವ ‘ವೈಟ್ ಡಾಟ್’ ದಾರಿ ಶಿಖರಕ್ಕೆ ಸುಮಾರು 2 ಮೈಲಿ. ಎರಡೇ ಮೈಲಿ ಎಂದು ನಾವು ನಕ್ಕೆವು. ಆ ಎರಡು ಮೈಲಿಗಳಲ್ಲಿ ಸುಮಾರು 1,800 ಅಡಿ ಮೇಲೇರಬೇಕೆಂಬುದನ್ನು ಯಾರೂ ಲೆಕ್ಕ ಹಾಕಲಿಲ್ಲ. ನಮ್ಮ ಚಾಮುಂಡಿ ಬೆಟ್ಟ ಮೈಸೂರಿನ ನೆಲದಿಂದ ಸುಮಾರು ಸಾವಿರ ಅಡಿ ಎತ್ತರ. ಅಂದರೆ ಹೆಚ್ಚುಕಡಿಮೆ ಎರಡು ಚಾಮುಂಡಿ ಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟಂತೆ, ಅದೂ ಕಟ್ಟಿದ ಮೆಟ್ಟಿಲುಗಳಿಲ್ಲದೆ.

ನಮ್ಮಲ್ಲಿ ಒಬ್ಬರನ್ನು ಇಲ್ಲಿ ‘ರಾಯರು’ ಎಂದು ಕರೆಯೋಣ. ಅದು ಅವರ ಹೆಸರಲ್ಲ. ಈ ಪ್ರಸಂಗವನ್ನು ಹೇಳಲು ಅವರ ಒಪ್ಪಿಗೆಯನ್ನೂ ಪಡೆದಿದ್ದೇವೆ. ಆಗ ಅವರಿಗೆ ಐವತ್ತೊಂದು ವರ್ಷ. ಕಾಲೇಜಿನ ದಿನಗಳಲ್ಲಿ ಕುಕ್ಕೆಯಿಂದ ಕುಮಾರಪರ್ವತವನ್ನು ಹತ್ತಿ ಇಳಿದವರು. ಆ ಕಥೆಯನ್ನು ಅಂದು ಕಾರಿನಲ್ಲಿ ದಾರಿಯುದ್ದಕ್ಕೂ ಹೇಳಿದರು. ನಾವೆಲ್ಲರೂ ನಮ್ಮ ನಮ್ಮ ಕಥೆಗಳನ್ನು ಹೇಳಿದೆವು. ಒಬ್ಬರು ಶಿವಗಂಗೆ, ಒಬ್ಬರು ಸಾವನದುರ್ಗ, ಮತ್ತೊಬ್ಬರು ಬರಿಗಾಲಿನಲ್ಲಿ ಶ್ರವಣಬೆಳಗೊಳ. ಈಗ ಯೋಚಿಸಿದರೆ, ಅಂದು ಆ ಕಾರುಗಳಲ್ಲಿ ಕುಳಿತಿದ್ದುದು ಇಪ್ಪತ್ತು ವರ್ಷದ ನೆನಪುಗಳು; ಆ ನೆನಪುಗಳನ್ನು ಹೊತ್ತು ಮೇಲೇರಬೇಕಾಗಿದ್ದುದು ಐದು ತಿಂಗಳು ಕುಳಿತೇ ಇದ್ದ ಕಾಲುಗಳು.

ನಮ್ಮ ವಾಡಿಕೆಯಂತೆ ಒಂಬತ್ತಕ್ಕೆ ಎಂದದ್ದು ಹನ್ನೊಂದಾಯಿತು. ಬುಡದಲ್ಲಿ ಹಿತವಾದ ಬಿಸಿಲು. ಕಾಲಿಗೆ ಓಡಾಟದ ಸಾಧಾರಣ ಬೂಟು, ಮೈಗೆ ಹತ್ತಿಯ ಬಟ್ಟೆ, ಜೀನ್ಸ್. ಚೀಲಗಳಲ್ಲಿ ಚಿತ್ರಾನ್ನ, ಮೊಸರನ್ನ, ಚಕ್ಕುಲಿ, ಫ್ಲಾಸ್ಕಿನಲ್ಲಿ ಕಾಫಿ. ಮೊದಲ ಮುಕ್ಕಾಲು ಮೈಲಿ ಅಗಲವಾದ, ಸುಲಭವಾದ ದಾರಿ. ಎಲೆಯಿಲ್ಲದ ಮರಗಳ ನಡುವೆ ಕೆಂಪು ಮೇಪಲ್ಲಿನ ಮೊಗ್ಗುಗಳು ಕೆಂಡದ ಚುಕ್ಕೆಗಳಂತೆ ಕಾಣುತ್ತಿದ್ದವು. ಜೌಗಿನಲ್ಲಿ ಉಗುರಿನಷ್ಟೇ ಉದ್ದದ ಕಪ್ಪೆಗಳು ಹಾಡುತ್ತಿದ್ದವು. ಮಕ್ಕಳು ಮುಂದೆ ಓಡಿದರು. ಫಾಲ್ಕನ್ ಚಿಲುಮೆ ದಾಟಿದ ಮೇಲೆ ದಾರಿ ಕಡಿದಾಯಿತು. ಮರದ ನೆರಳಿರುವ ಕಡೆಗಳಲ್ಲಿ, ಚಳಿಗಾಲವೆಲ್ಲ ನಡೆದವರ ಬೂಟಿನಡಿ ಒತ್ತಿ ಗಟ್ಟಿಯಾದ ಹಿಮ ಗಾಜಿನ ದಿಂಡಿನಂತೆ ದಾರಿಯ ನಡುವೆ ಮಲಗಿತ್ತು. ಅದರ ಅಡಿಯಲ್ಲಿ ನೀರು ಹರಿಯುವ ಸದ್ದು. ಇಳಿದು ಬರುತ್ತಿದ್ದವರು ಬೂಟುಗಳಿಗೆ ಉಕ್ಕಿನ ಹಲ್ಲುಗಳುಳ್ಳ ಪಟ್ಟಿಗಳನ್ನು ಕಟ್ಟಿಕೊಂಡಿದ್ದರು. ವಯಸ್ಸಾದ ಅಮೆರಿಕನ್ ದಂಪತಿಗಳು ನಮ್ಮ ಕಾಲುಗಳನ್ನು ನೋಡಿ, ಮೇಲೆ ಇನ್ನೂ ಮಂಜುಗಡ್ಡೆಯಿದೆ ಎಂದು ಎಚ್ಚರಿಸಿದರು. ವಂದನೆ ಹೇಳಿ ಮುಂದೆ ನಡೆದೆವು.

ಬಂಡೆಗಳು ಆರಂಭವಾದ ಕಡೆ ರಾಯರು ನಿಂತರು. ಒಂದು ಕೈ ಬಂಡೆಯ ಮೇಲೆ, ಇನ್ನೊಂದು ಎದೆಯ ನಡುವೆ. ತಣ್ಣನೆಯ ಗಾಳಿ ಬೀಸುತ್ತಿದ್ದರೂ ಹಣೆಯ ಮೇಲೆ ಬೆವರು.

“ಏನಾಯ್ತು ರಾಯರೇ?”

“ಏನೂ ಇಲ್ಲ. ಬೆಳಿಗ್ಗೆ ತಿಂದದ್ದು ಹೆಚ್ಚಾಯ್ತು. ಗ್ಯಾಸು.”

ನಮ್ಮ ಕನ್ನಡ ಮನೆಗಳಲ್ಲಿ ಎಷ್ಟು ರೋಗಗಳು ‘ಗ್ಯಾಸು’ ಎಂಬ ಎರಡಕ್ಷರದ ಹಿಂದೆ ಅಡಗಿಕೊಂಡಿವೆಯೋ! ಯಾರದೋ ಚೀಲದಿಂದ ಒಂದು ಮಾತ್ರೆ ಬಂತು. ಚಿತ್ರಾನ್ನ ಮಾಡಿದವರನ್ನು ಹಾಸ್ಯ ಮಾಡಿದ್ದಾಯಿತು. ಬಳಿಕ ನಮ್ಮಲ್ಲೊಬ್ಬರು, “ಇನ್ನೇನು ಬಂತು, ಹತ್ತು ನಿಮಿಷ” ಎಂದರು. ಉಳಿದವರು ಹೌದೆಂದು ತಲೆಯಾಡಿಸಿದೆವು. ಆದುದರಿಂದ ಆ ಮಾತನ್ನು ಆಡಿದವರು ಯಾರೆಂದು ಇಂದಿಗೂ ನಾವು ಬೇರ್ಪಡಿಸಿ ಹೇಳುವುದಿಲ್ಲ. ನಾವೇ ಆಡಿದೆವು. ರಾಯರು ಮತ್ತೆ ಹತ್ತಿದರು. ಮತ್ತೆ ನಿಂತರು.

ಆಗ ಅವರ ಹದಿನೈದು ವರ್ಷದ ಮಗಳು ಮೇಲಿನಿಂದ ಹಿಂದಿರುಗಿ ಬಂದು ಅವರ ಪಕ್ಕದ ಬಂಡೆಯ ಮೇಲೆ ಕುಳಿತಳು. “ಅಪ್ಪಾ, ನನ್ನ ಕಾಲು ಉಳುಕಿದೆ. ನಂಗೆ ಮೇಲೆ ಬರೋಕಾಗಲ್ಲ. ನನ್ನ ಜೊತೆ ಕೆಳಗೆ ಬರ್ತೀರಾ?” ಎಂದಳು. ಅವಳ ಕಾಲು ಉಳುಕಿರಲಿಲ್ಲವೆಂಬುದು ನಮಗೆ ತಿಳಿದದ್ದು ಬಹಳ ದಿನಗಳ ಮೇಲೆ. ಹದಿಮೂರು ಮಂದಿಯ ಎದುರು ‘ನನ್ನಿಂದಾಗದು’ ಎಂದು ಹೇಳಲಾರದ ತಂದೆಗೆ ಗೌರವದಿಂದ ಹಿಂದಿರುಗುವ ದಾರಿಯೊಂದನ್ನು ಆ ಹುಡುಗಿ ಮಾಡಿಕೊಟ್ಟಳು. ಅವರ ಪತ್ನಿಯೂ ಅವರೊಡನೆ ಇಳಿದರು. ಉಳಿದ ಹತ್ತು ಮಂದಿ ನಾವು ಶಿಖರಕ್ಕೆ ಹೋದೆವು. ಬಿಸಿಲಿನಲ್ಲಿ ನಿಂತು ಛಾಯಾಚಿತ್ರ ತೆಗೆಸಿಕೊಂಡೆವು. ಆ ಚಿತ್ರ ಇದೇ ವಾರ್ತಾಪತ್ರದ ಮುಂದಿನ ಸಂಚಿಕೆಯಲ್ಲಿ ಅಚ್ಚಾಯಿತು. ಅದರಲ್ಲಿ ನಾವೆಲ್ಲರೂ ನಗುತ್ತಿದ್ದೇವೆ.

ಕುಳಿತು ವಿಶ್ರಮಿಸಿದಾಗ ರಾಯರ ಎದೆಯ ಬಿಗಿತ ಇಳಿದಿತ್ತು. ನಿಧಾನವಾಗಿ, ನಡುನಡುವೆ ಕುಳಿತು, ಮೂವರೂ ಕೆಳಗೆ ತಲುಪಿದರು. ಸೋಮವಾರ ಪತ್ನಿಯ ಹಟಕ್ಕೆ ಮಣಿದು ವೈದ್ಯರ ಬಳಿ ಹೋದರು. ಪರೀಕ್ಷೆಗಳಾದವು. ಹೃದಯದ ಎರಡು ರಕ್ತನಾಳಗಳು ಕಿರಿದಾಗಿದ್ದವು. ಒಂದು ಬಹುಪಾಲು ಮುಚ್ಚಿಹೋಗಿತ್ತು. ಅದೇ ವಾರ ಸ್ಟೆಂಟ್ ಇಡಲಾಯಿತು. ಬೆಟ್ಟದ ಮೇಲಿನಿಂದಲೇ 911ಕ್ಕೆ ಏಕೆ ಕರೆ ಮಾಡಲಿಲ್ಲ ಎಂದು ವೈದ್ಯರು ಕೇಳಿದರಂತೆ. ರಾಯರ ಬಳಿ ಉತ್ತರವಿರಲಿಲ್ಲ. ನಮ್ಮ ಬಳಿಯೂ ಇಲ್ಲ.

ಬಂಧುಗಳೆ, ಬೆಟ್ಟಕ್ಕೆ ಹೋಗಬೇಡಿ ಎಂದು ಹೇಳಲು ಈ ಪ್ರಸಂಗವನ್ನು ತಂದಿಲ್ಲ. ಹೋಗದೆ ಕುಳಿತದ್ದೇ ಮೊದಲ ತಪ್ಪು. 1966ರಲ್ಲಿ ಟೆಕ್ಸಾಸಿನ ಡಾಲಸ್ ನಗರದಲ್ಲಿ ಒಂದು ಪ್ರಯೋಗ ನಡೆಯಿತು. ಇಪ್ಪತ್ತು ವರ್ಷ ವಯಸ್ಸಿನ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಅವರ ದೇಹ ಶ್ರಮದಲ್ಲಿ ಆಮ್ಲಜನಕವನ್ನು ಬಳಸಿಕೊಳ್ಳುವ ಶಕ್ತಿ ಕಾಲುಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಮೂವತ್ತು ವರ್ಷಗಳ ಮುಪ್ಪು ಕಸಿದುಕೊಂಡದ್ದಕ್ಕಿಂತ ಆ ಮೂರು ವಾರಗಳ ಮಲಗುವಿಕೆ ಕಸಿದುಕೊಂಡದ್ದೇ ಹೆಚ್ಚಾಗಿತ್ತೆಂದು ಕಂಡುಬಂತು. ನಾವು ಚಳಿಗಾಲವೆಲ್ಲ ಮಲಗಿರುವುದಿಲ್ಲ, ನಿಜ, ಆದರೆ ಕುಳಿತಿರುತ್ತೇವೆ. ಇದರಲ್ಲಿ ಸಮಾಧಾನದ ಮಾತೂ ಒಂದುಂಟು. ಮೂರು ವಾರ ಮಲಗಿದ್ದ ಆ ಯುವಕರು ಎಂಟು ವಾರಗಳ ಅಭ್ಯಾಸದಿಂದ ಕಳೆದುಕೊಂಡದ್ದನ್ನು ಮರಳಿ ಪಡೆದರು. ಐವತ್ತು ದಾಟಿದ ಮೇಲೂ, ಆರು ತಿಂಗಳ ಕ್ರಮವಾದ ಅಭ್ಯಾಸ ಅವರ ಶಕ್ತಿಯನ್ನು ಮತ್ತೆ ಮೇಲೆತ್ತಿತು. ದೇಹ ಸಾಲ ಮರೆಯುವುದಿಲ್ಲ. ಆದರೆ ಕಂತಿನಲ್ಲಿ ಕೊಟ್ಟರೆ ಬೇಡವೆನ್ನುವುದೂ ಇಲ್ಲ.

ನಮ್ಮವರಿಗೆ ಈ ಎಚ್ಚರ ಇನ್ನಷ್ಟು ಅಗತ್ಯ. 52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನದ ಅಂಕಿಗಳನ್ನು 2007ರಲ್ಲಿ ಪರಿಶೀಲಿಸಿದಾಗ, ಮೊದಲ ಹೃದಯಾಘಾತದ ನಡುವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53, ಇತರರಲ್ಲಿ ಸುಮಾರು 59 ಎಂದು ತಿಳಿದುಬಂತು. ಆರು ವರ್ಷ ಮುಂಚೆ! ಐದು ತಿಂಗಳು ಕುಳಿತು, ಮೊದಲ ದಿನವೇ ತಣ್ಣನೆಯ ಗಾಳಿಯಲ್ಲಿ ಕಡಿದಾದ ಏರು ಹತ್ತಿದರೆ ಹೃದಯಕ್ಕೆ ಎರಡು ಹೊರೆ: ಏರಿನದು ಒಂದು, ಚಳಿಗೆ ಕುಗ್ಗಿದ ರಕ್ತನಾಳಗಳದು ಇನ್ನೊಂದು. ಶ್ರಮಪಟ್ಟಾಗ ಬಂದು, ಕುಳಿತಾಗ ಹೋಗುವ ಎದೆಯ ಬಿಗಿತವನ್ನು ಗ್ಯಾಸು ಎಂದು ನಾವೇ ತೀರ್ಮಾನಿಸುವಂತಿಲ್ಲ. ಹೆಂಗಸರಲ್ಲಿ ಅದು ಎದೆನೋವಾಗಿಯೇ ಬರಬೇಕೆಂದಿಲ್ಲ. ಏದುಸಿರು, ದವಡೆ ಅಥವಾ ಬೆನ್ನಿನ ನೋವು, ವಾಕರಿಕೆ, ಕಾರಣವಿಲ್ಲದ ಸುಸ್ತು ಆಗಿಯೂ ಬರಬಹುದು. ಅಂಥದ್ದು ಕಂಡರೆ ಅಲ್ಲಿಯೇ ಕುಳ್ಳಿರಿಸಿ, ಸಹಾಯಕ್ಕೆ ಕರೆ ಮಾಡುವುದೊಂದೇ ಸರಿಯಾದ ಕ್ರಮ. ಸಂಕೋಚಕ್ಕೆ ಅಲ್ಲಿ ಸ್ಥಳವಿಲ್ಲ.

ಇನ್ನು ಅನುಭವದಿಂದ ಕಲಿತ ಕೆಲವು ಸಂಗತಿಗಳು. ಮೊದಲನೆಯದಾಗಿ, ಬೆಟ್ಟದ ಸಿದ್ಧತೆ ಏಪ್ರಿಲಿನಲ್ಲಲ್ಲ, ಫೆಬ್ರವರಿಯಲ್ಲಿ ಆರಂಭವಾಗಬೇಕು. ಮನೆಯ ಮೆಟ್ಟಿಲು ಇದೆ. ಹೊರಗೆ ಹಿಮವಿದ್ದರೆ ಮಾಲ್‌ಗಳ ಉದ್ದನೆಯ ಪಡಸಾಲೆಗಳಿವೆ. ವಾರಕ್ಕೆ 150 ನಿಮಿಷಗಳ ಚುರುಕು ನಡಿಗೆ ವಯಸ್ಕರಿಗೆ ಬೇಕೆಂದು ಈ ದೇಶದ ಆರೋಗ್ಯ ಇಲಾಖೆಯೇ ಹೇಳಿದೆ. ವೇಗದ ಅಳತೆಗೆ ಯಂತ್ರ ಬೇಡ. ಪಕ್ಕದವರೊಡನೆ ಕನ್ನಡದಲ್ಲಿ ಒಂದು ಪೂರ್ಣ ವಾಕ್ಯವನ್ನು ತಡವರಿಸದೆ ಆಡಲು ಸಾಧ್ಯವಾದರೆ ವೇಗ ಸರಿಯಿದೆ. ಕ್ರಿಯಾಪದ ಬರುವ ಮುನ್ನವೇ ಉಸಿರು ಮುಗಿದರೆ ನಿಧಾನಿಸಬೇಕು.

ಎರಡನೆಯದಾಗಿ, ಕೆಳಗಿನ ಹವೆಯನ್ನು ನೋಡಿ ಮೇಲಿನ ಹವೆಯನ್ನು ಊಹಿಸಬಾರದು. ಸಾವಿರ ಅಡಿ ಏರಿದಂತೆ ಮೂರರಿಂದ ಐದು ಡಿಗ್ರಿ ಫ್ಯಾರನ್‌ಹೀಟ್ ಇಳಿಯುತ್ತದೆ. ಮೇಲೆ ಗಾಳಿ ಬೇರೆ. ಒದ್ದೆಯಾದ ಹತ್ತಿ ಬಟ್ಟೆ ಮೈಯ ಶಾಖವನ್ನು ಹೀರುತ್ತದೆ. ಉಣ್ಣೆಯದೋ ಬೇಗ ಒಣಗುವ ನೂಲಿನದೋ ಉಡುಪು, ಮಳೆಗಾಳಿ ತಡೆಯುವ ಮೇಲಂಗಿ, ಬೂಟಿಗೆ ಕಟ್ಟುವ ಉಕ್ಕಿನ ಹಲ್ಲುಗಳು ಏಪ್ರಿಲ್ ಕೊನೆಯವರೆಗೂ ಚೀಲದಲ್ಲಿರಲಿ. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಭಾರ ಹೊರಬೇಕಾಗುವುದರಿಂದ ನೋವು ಮರುದಿನ, ಅದರ ಮರುದಿನ ಹೆಚ್ಚು. ಭಾನುವಾರ ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕಾದರೆ ಗಾಬರಿ ಬೇಡ.

ಮೂರನೆಯದಾಗಿ, ಕೆಸರು. ಹಿಮ ಕರಗಿದ ನೆಲ ನೀರು ಕುಡಿದು ಮೆತ್ತಗಿರುತ್ತದೆ. ಬೂಟು ಕೊಳೆಯಾದೀತೆಂದು ಪಕ್ಕದ ಹಸುರಿನ ಮೇಲೆ ನಡೆದರೆ ದಾರಿ ವರ್ಷವರ್ಷಕ್ಕೆ ಅಗಲವಾಗಿ ಗಿಡಗಳು ಸಾಯುತ್ತವೆ. ಆದುದರಿಂದ ಕೆಸರಿನ ನಡುವೆಯೇ ನಡೆಯಬೇಕು. ಗದ್ದೆಯಲ್ಲಿ ನಾಟಿ ಮಾಡಿದವರ ಮೊಮ್ಮಕ್ಕಳು ನಾವು, ಕೆಸರಿಗೆ ಅಂಜಬೇಕಾಗಿಲ್ಲ. ವರ್ಮಾಂಟ್ ರಾಜ್ಯದಲ್ಲಂತೂ ಎತ್ತರದ ದಾರಿಗಳಿಗೆ ಮೇ ತಿಂಗಳ ಕೊನೆಯವರೆಗೆ ಬರಬೇಡಿರೆಂದೇ ಕೇಳಿಕೊಳ್ಳುತ್ತಾರೆ.

ನಾಲ್ಕನೆಯದು ಉಣ್ಣಿ. 1970ರ ದಶಕದಲ್ಲಿ ಕನೆಕ್ಟಿಕಟ್ಟಿನ ಲೈಮ್ ಊರಿನ ಸುತ್ತಮುತ್ತ ಮಕ್ಕಳಲ್ಲಿ ಕಾಣಿಸಿಕೊಂಡು ಆ ಊರಿನ ಹೆಸರನ್ನೇ ಪಡೆದ ಕಾಯಿಲೆ ಇಲ್ಲಿನ ಕಾಡುಗಳಲ್ಲಿ ಉಣ್ಣಿಯಿಂದ ಹರಡುತ್ತದೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯೂ ಉಣ್ಣಿಯಿಂದಲೇ ಬಂದದ್ದು. ರೋಗ ಬೇರೆ, ಎಚ್ಚರ ಒಂದೇ: ಕಾಲುಚೀಲದೊಳಗೆ ಪ್ಯಾಂಟಿನ ಅಂಚು ಸೇರಿಸಿ, ಮನೆಗೆ ಬಂದೊಡನೆ ಸ್ನಾನ ಮಾಡಿ, ಮಕ್ಕಳ ಕಿವಿಯ ಹಿಂದೆ, ಮಂಡಿಯ ಹಿಂದೆ, ಕಂಕುಳಲ್ಲಿ ನೋಡಬೇಕು. ಲೈಮ್ ಕಾಯಿಲೆ ಅಂಟಲು ಸಾಮಾನ್ಯವಾಗಿ ಉಣ್ಣಿ ಒಂದು ದಿನಕ್ಕೂ ಹೆಚ್ಚು ಕಾಲ ಕಚ್ಚಿಕೊಂಡಿರಬೇಕಾದುದರಿಂದ ಅಂದೇ ಸಂಜೆ ಕಿತ್ತರೆ ಬಹುಮಟ್ಟಿಗೆ ಪಾರಾಗಬಹುದು.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದುದು: ಹಿಂದಿರುಗುವ ವಿದ್ಯೆ. ನ್ಯೂ ಹ್ಯಾಂಪ್‌ಷೈರಿನಲ್ಲಿ ಚಾರಣಿಗರ ಹೊಣೆಗಾರಿಕೆಯ ಸೂತ್ರಗಳನ್ನು ಪ್ರಚಾರ ಮಾಡುತ್ತಾರೆ. ಜೊತೆಯಲ್ಲಿ ಹೊರಟವರು ಜೊತೆಯಲ್ಲೇ ಇರಬೇಕು, ಅಗತ್ಯವಾದಾಗ ಹಿಂದಿರುಗಬೇಕು ಎಂಬೆರಡು ಅದರಲ್ಲಿವೆ. ಅಂದು ನಾವು ಎರಡನ್ನೂ ಮುರಿದೆವು. ಹಿಂದಿರುಗಿದವರು ಸೋತವರಲ್ಲವೆಂಬುದಕ್ಕೆ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿಯೇ ಸಾಕ್ಷಿ. ಹನ್ನೊಂದು ಮಕ್ಕಳನ್ನು ಹೆತ್ತು ಬೆಳೆಸಿದ ಒಹಾಯೋದ ರೈತ ಮಹಿಳೆ. 1954ರಲ್ಲಿ ಅಪಲೇಚಿಯನ್ ಚಾರಣ ಮಾರ್ಗವನ್ನು ಮೇನ್ ರಾಜ್ಯದ ತುದಿಯಿಂದ ನಡೆಯತೊಡಗಿ, ದಾರಿ ತಪ್ಪಿ, ಕನ್ನಡಕ ಒಡೆದು ಮನೆಗೆ ಮರಳಿದರು. ಮರುವರ್ಷ, ತಮ್ಮ 67ನೆಯ ವಯಸ್ಸಿನಲ್ಲಿ, ಕ್ಯಾನ್ವಾಸ್ ಬೂಟು ತೊಟ್ಟು, ಕೈಯಲ್ಲಿ ಹೊಲಿದ ಚೀಲವನ್ನು ಹೆಗಲಿಗೇರಿಸಿ, ದಕ್ಷಿಣದ ತುದಿಯಿಂದ ಹೊರಟು 2,000 ಮೈಲಿಗೂ ಹೆಚ್ಚಿನ ಆ ದಾರಿಯನ್ನು ಒಬ್ಬರೇ ನಡೆದು ಮುಗಿಸಿದರು. ಮೊದಲ ವರ್ಷ ಮರಳಿದ್ದರಿಂದಲೇ ಅವರಿಗೆ ಎರಡನೆಯ ವರ್ಷ ದೊರೆಯಿತು.

ರಾಯರಿಗೂ ಎರಡನೆಯ ವರ್ಷ ದೊರೆಯಿತು. ಚಿಕಿತ್ಸೆಯ ನಂತರ ವೈದ್ಯರ ಕಣ್ಣಳತೆಯಲ್ಲಿ ನಡೆಯಲು ಕಲಿತರು; ಮುಂದಿನ ವಸಂತದಲ್ಲಿ ಅವರ ಅನುಮತಿ ಪಡೆದು ನಾವು ಬಾಸ್ಟನ್ನಿನ ದಕ್ಷಿಣಕ್ಕಿರುವ ಗ್ರೇಟ್ ಬ್ಲೂ ಹಿಲ್ ಗುಡ್ಡವನ್ನು ಆರಿಸಿಕೊಂಡೆವು. 635 ಅಡಿ. ಮೊನಾಡ್‌ನಾಕಿನ ಐದನೆಯ ಒಂದು ಭಾಗ. ಆದರೆ ಈ ರಾಜ್ಯಕ್ಕೆ ಹೆಸರು ಬಂದದ್ದೇ ‘ದೊಡ್ಡ ಬೆಟ್ಟದ ಬಳಿಯ ಜನ’ ಎಂಬರ್ಥದ ಮೂಲನಿವಾಸಿಗಳ ಹೆಸರಿನಿಂದ. ಆ ದೊಡ್ಡ ಬೆಟ್ಟವೇ ಇದು. ನೆತ್ತಿಯ ಮೇಲೆ 1885ರಲ್ಲಿ ಸ್ಥಾಪನೆಯಾದ ಹವಾಮಾನ ವೀಕ್ಷಣಾಲಯವಿದೆ. ಅಂದಿನಿಂದ ಇಂದಿನವರೆಗೆ ಗಾಳಿ, ಮಳೆ, ಬಿಸಿಲುಗಳ ಲೆಕ್ಕವನ್ನು ಬಿಡದೆ ಬರೆದಿಡುತ್ತಿದ್ದಾರೆ. ಅಂದು ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದಿಟ್ಟುಕೊಂಡು ನಡೆದೆವು. ಅದು ರಾಯರಾಗಿರಲಿಲ್ಲ, ಊರಿನಿಂದ ಬಂದಿದ್ದ ಒಬ್ಬ ಅತ್ತೆ, ಸೀರೆಯ ಮೇಲೆ ಮಗನ ಕೋಟು ಧರಿಸಿದವರು. ಅವರು ನಿಂತಾಗ ನಿಂತೆವು, ಕುಳಿತಾಗ ಕುಳಿತೆವು. ಅರ್ಧ ದಾರಿಯಲ್ಲಿ ಅವರು, “ನನಗಿಷ್ಟು ಸಾಕಪ್ಪ” ಎಂದರು. ಹದಿನಾಲ್ಕು ಮಂದಿಯೂ ಅಲ್ಲಿಯೇ ಬುತ್ತಿ ಬಿಚ್ಚಿದೆವು, ಅಲ್ಲಿಂದಲೇ ಮರಳಿದೆವು. ನೆತ್ತಿಗೆ ಹೋದದ್ದು ಮೂರು ವಾರಗಳ ಮೇಲೆ, ಆ ಅತ್ತೆಯವರೊಡನೆಯೇ.

ಮೊನಾಡ್‌ನಾಕಿಗೆ ನಾವು ಇನ್ನೂ ಮರಳಿ ಹೋಗಿಲ್ಲ. ಹೋಗುವೆವು. ಬೆಟ್ಟ ಅಲ್ಲೇ ಇರುತ್ತದೆ. ರಾಯರು ಈ ಹೊತ್ತು ಇದೇ ಸಭೆಯಲ್ಲಿ, ಹಿಂದಿನ ಸಾಲುಗಳಲ್ಲೆಲ್ಲೋ ಕುಳಿತಿದ್ದಾರೆ. ಅವರು ಯಾರೆಂದು ತಾವು ಹುಡುಕಬಾರದೆಂದು ಪ್ರಾರ್ಥಿಸುತ್ತೇವೆ. ಕಾಲು ಉಳುಕಿತೆಂದು ಸುಳ್ಳಾಡಿದ ಹುಡುಗಿ ಈಗ ಬೇರೆ ಊರಿನಲ್ಲಿ ಓದುತ್ತಿದ್ದಾಳೆ. ಪ್ರತಿ ವಸಂತದಲ್ಲಿ ಫೋನು ಮಾಡಿ ತಂದೆಯನ್ನು ಕೇಳುವುದು ಒಂದೇ ಪ್ರಶ್ನೆ: “ಅಪ್ಪಾ, ಈ ಸಲ ಎಲ್ಲಿಂದ ವಾಪಸ್ ಬಂದ್ರಿ?”

ಮುಂದಿನ ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನಾವು ಗ್ರೇಟ್ ಬ್ಲೂ ಹಿಲ್ಲಿನ ಬುಡದಲ್ಲಿ ಸೇರುತ್ತೇವೆ. ಒಂಬತ್ತು ಎಂದರೆ ಒಂಬತ್ತೇ. ಮಜ್ಜಿಗೆ ನಮ್ಮದು, ಬುತ್ತಿ ತಮ್ಮದು. ಹಿರಿಯರನ್ನು ದಯಮಾಡಿ ಕಿಟಕಿಯ ಬಳಿ ಬಿಟ್ಟು ಬರಬೇಡಿ; ಕರೆದುಕೊಂಡೇ ಬನ್ನಿ. ಯಾರಿಗಾದರೂ ಎದೆಯಲ್ಲಿ, ಉಸಿರಿನಲ್ಲಿ ಏನಾದರೂ ಸಂದೇಹವಿದ್ದರೆ ಮೊದಲು ವೈದ್ಯರನ್ನು ಕಂಡು ಬನ್ನಿ. ದಾರಿಯಲ್ಲಿ ‘ಇನ್ನೇನು ಬಂತು’ ಎಂಬ ಮಾತನ್ನು ಮಾತ್ರ ಯಾರೂ ಆಡಕೂಡದು. ಅದೊಂದೇ ನಮ್ಮ ನಿಯಮ.